ಕ್ವಾಲಿಸ್ ಎಂಜಿನ್ ಮುಂಭಾಗದಲ್ಲಿ ಆಯಿಲ್ ಲೀಕ್, ಕ್ರ್ಯಾಂಕ್ ಸೀಲ್ ಅಂತಾರೆ, ಬಿಚ್ಚಿಸಲೇಬೇಕಾ?

ಸಕಲೇಶಪುರ_ಕ್ವಾಲಿಸ್
ಎಲ್ಲರಿಗೂ ನಮಸ್ಕಾರ. ನಮ್ಮದು 2003ರ ಕ್ವಾಲಿಸ್, 2.4 ಡೀಸೆಲ್. ತೋಟ, ಪೇಟೆ, ಆಸ್ಪತ್ರೆ, ಮದುವೆಮನೆ ಎಲ್ಲದಕ್ಕೂ ಇದೇ ಗಾಡಿ. ಈಚೆಗೆ ನಿಲ್ಲಿಸಿದ ಕಡೆ ಆಯಿಲ್ ಬೀಳುತ್ತಿದೆ. ಬೀಳುವುದು ಎಂಜಿನ್ನಿನ ಮುಂದುಗಡೆ, ಫ್ಯಾನ್ ಕೆಳಗೆ. ಚೇಂಬರಿನ (ಎಂಜಿನ್ ಬುಡದ ಆಯಿಲ್ ತಟ್ಟೆ) ಮುಂದಿನ ಅಂಚು, ಕ್ರ್ಯಾಂಕ್ ಪುಲ್ಲಿಯ ಸುತ್ತ, ಸ್ಟೇರಿಂಗ್ ಪಂಪಿನ ಬ್ರಾಕೆಟ್ಟು ಎಲ್ಲಾ ಒದ್ದೆ. ಮಣ್ಣುರಸ್ತೆ ಧೂಳು ಸೇರಿ ದಪ್ಪಗೆ ಕಪ್ಪು ಜಿಡ್ಡು ಕಟ್ಟಿದೆ. ಆಯಿಲ್ ಅಳೆಯುವ ಗೇಜ್ ಕಡ್ಡಿಯಲ್ಲಿ ಆಯಿಲ್ ನಿಧಾನಕ್ಕೆ ಇಳಿಯುತ್ತಿದೆ, ಹೊಗೆ ಏನೂ ಇಲ್ಲ, ಪಿಕಪ್ ಮೊದಲಿನ ಹಾಗೇ ಇದೆ.

ಪೇಟೆಯ ಒಂದು ಗ್ಯಾರೇಜಿನಲ್ಲಿ ಕೆಳಗಿಂದ ಟಾರ್ಚ್ ಬಿಟ್ಟು ನೋಡಿ, ಫ್ರಂಟ್ ಕ್ರ್ಯಾಂಕ್ ಸೀಲ್ (ಕ್ರ್ಯಾಂಕ್ ಶಾಫ್ಟಿನ ಮುಂದಿನ ತುದಿಯಲ್ಲಿ ಆಯಿಲ್ ತಡೆಯುವ ರಬ್ಬರ್ ಬಳೆ) ಹೋಗಿದೆ, ಮುಂದಿನದೆಲ್ಲಾ ಬಿಚ್ಚಬೇಕು, ಸೀಲು, ಟೈಮಿಂಗ್ ಬೆಲ್ಟು, ಟೆನ್ಷನರ್ರು, ವಾಟರ್ ಪಂಪು ಒಟ್ಟಿಗೆ ಹಾಕಿಬಿಡೋಣ ಅಂದರು. ಬೆಲ್ಟ್ ಹಾಕಿಸಿ ಇನ್ನೂ ಜಾಸ್ತಿ ಓಡಿಲ್ಲ. ಖರ್ಚು ಮಾಡಲು ತೊಂದರೆ ಇಲ್ಲ, ಆದರೆ ಅಷ್ಟೆಲ್ಲಾ ಬಿಚ್ಚಿದ ಮೇಲೂ ಲೀಕ್ ನಿಲ್ಲದಿದ್ದರೆ? ಗೊತ್ತಿರುವವರು ಹೇಳಿ.

ಬ್ಯಾಂಗಳೂರು_ಮಧು
ಕ್ವಾಲಿಸ್‌ನಲ್ಲಿ ಮುಂದೆ ಆಯಿಲ್ ಅಂದರೆ ಕ್ರ್ಯಾಂಕ್ ಸೀಲೇ. ನಮ್ಮ ಮಾವನ ಗಾಡಿಯಲ್ಲೂ ಅದೇ ಆಗಿತ್ತು. ಹಾಕಿಸಿಬಿಡಿ, ತಲೆನೋವು ಹೋಗುತ್ತದೆ.

ಹುಬ್ಬಳ್ಳಿ_ಡೀಸೆಲ್_ಮೇಸ್ತ್ರಿ
ತಡೀರಿ, ಈಗಲೇ ಏನೂ ಬಿಚ್ಚಿಸಬ್ಯಾಡ್ರಿ. ಕೆಳಗೆ ಬೀಳುವ ಜಾಗ ನೋಡಿ ಲೀಕ್ ಇಂಥಲ್ಲೇ ಅಂತ ಹೇಳುವುದು ದೊಡ್ಡ ತಪ್ಪು. ಆಯಿಲ್ ಎಲ್ಲಿಂದ ಬಂದರೂ ಕೊನೆಗೆ ಇಳಿಯುವುದು ಚೇಂಬರ್ ಅಂಚಿಗೇ. ಜೊತೆಗೆ ಕ್ವಾಲಿಸ್‌ನಲ್ಲಿ ಎಂಜಿನ್ ಉದ್ದಕ್ಕೆ ಕೂತಿದೆ, ಮುಂದೆ ದೊಡ್ಡ ಫ್ಯಾನ್ ಇದೆ. ಆ ಫ್ಯಾನ್ ಗಾಳಿಯನ್ನು ಹಿಂದಕ್ಕೆ ಎಳೆಯುತ್ತದೆ. ಮೇಲಿಂದ ಒಂದು ಹನಿ ಬಿದ್ದರೆ ಅದನ್ನು ಅರ್ಧ ಎಂಜಿನ್ನಿಗೆ ಸಾರಿಸಿಬಿಡುತ್ತದೆ. ಹಾಗಾಗಿ ಹುಡುಕಬೇಕಾದ್ದು ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಒದ್ದೆ ಇರುವ ಜಾಗ. ಕೆಳಗಿನ ಒದ್ದೆಗೆ ಬೆಲೆ ಕೊಡಬೇಡಿ.

ಈ ಎಂಜಿನ್ ಟೊಯೊಟಾದ 2ಎಲ್, 2446 ಸಿಸಿ. ಮುಂದುಗಡೆ ಆಯಿಲ್ ಬರಲು ಇದರಲ್ಲಿ ಸುಮಾರು ದಾರಿಗಳಿವೆ. ಮೇಲೆ ಟ್ಯಾಪೆಟ್ ಕವರ್ (ಎಂಜಿನ್ನಿನ ಮೇಲಿನ ಮುಚ್ಚಳ) ಪ್ಯಾಕಿಂಗು. ಅದರ ಕೆಳಗೆ ಟೈಮಿಂಗ್ ಬೆಲ್ಟನ್ನು ಮುಚ್ಚುವ ಟೈಮಿಂಗ್ ಕವರಿನ ಒಳಗೆ ಕ್ಯಾಮ್ ಸೀಲು (ವಾಲ್ವು ತೆರೆಯುವ ಕ್ಯಾಮ್ ಶಾಫ್ಟಿನದು). ಕೆಳಗೆ ಕ್ರ್ಯಾಂಕ್ ಸೀಲು, ಅದು ಆಯಿಲ್ ಪಂಪಿನ ಬಾಡಿಯಲ್ಲಿ ಕೂತಿರುತ್ತದೆ. ಆ ಪಂಪು ಬ್ಲಾಕಿಗೆ ಕೂರುವ ಕಡೆಯಿಂದಲೂ ಆಯಿಲ್ ಜಿನುಗಬಹುದು, ಚೇಂಬರ್ ಪ್ಯಾಕಿಂಗಿನ ಮುಂದಿನ ಮೂಲೆಯಿಂದಲೂ ಬರಬಹುದು. ಇದಿಷ್ಟೂ ಎಲ್ಲಾ ಗಾಡಿಯಲ್ಲಿ ಇರುವಂಥದ್ದೇ. ಆದರೆ ನಮ್ಮ ಮಂದಿ ನೋಡದೇ ಬಿಡುವುದು ಇನ್ನೊಂದಿದೆ: ಡೈನಮೋ (ಆಲ್ಟರ್ನೇಟರ್) ಹಿಂದೆ ಇರುವ ವ್ಯಾಕ್ಯೂಮ್ ಪಂಪು.

ಡೀಸೆಲ್ ಎಂಜಿನ್ನಿನಲ್ಲಿ ಬ್ರೇಕ್ ಬೂಸ್ಟರಿಗೆ (ಪೆಡಲ್ ಹಗುರ ಮಾಡುವ ಡಬ್ಬಿ) ಬೇಕಾದ ವ್ಯಾಕ್ಯೂಮ್ ತಾನಾಗಿ ಹುಟ್ಟುವುದಿಲ್ಲ, ಅದಕ್ಕೇ ಬೇರೆ ಪಂಪು. ಕ್ವಾಲಿಸ್‌ನಲ್ಲಿ ಅದು ಡೈನಮೋ ಜೊತೆ ಒಂದೇ ಶಾಫ್ಟಿನಲ್ಲಿ ತಿರುಗುತ್ತದೆ. ಅದಕ್ಕೆ ಎಂಜಿನ್ ಆಯಿಲ್ಲೇ ಹೋಗಬೇಕು. ಸಣ್ಣ ಪೈಪಿನಲ್ಲಿ ಪ್ರೆಷರ್ ಇರುವ ಆಯಿಲ್ ಒಳಗೆ ಹೋಗುತ್ತದೆ, ದಪ್ಪ ರಬ್ಬರ್ ಪೈಪಿನಲ್ಲಿ ವಾಪಸ್ ಚೇಂಬರಿಗೆ ಇಳಿಯುತ್ತದೆ. ಇಪ್ಪತ್ತು ವರ್ಷದ ರಬ್ಬರ್ ಕಲ್ಲಾಗಿರುತ್ತದೆ, ಕ್ಲಿಪ್ ಸಡಿಲ ಆಗಿರುತ್ತದೆ. ಅಲ್ಲಿಂದ ಬಿದ್ದ ಆಯಿಲ್ ನೇರ ಎಂಜಿನ್ ಮುಂದುಗಡೆಯೇ ಇಳಿಯುತ್ತದೆ. ನೋಡಿದವರೆಲ್ಲಾ ಕ್ರ್ಯಾಂಕ್ ಸೀಲ್ ಅನ್ನುತ್ತಾರೆ.

ಮೊದಲು ತೊಳೀರಿ. ಎಂಜಿನ್ ಪೂರ್ತಿ ತಣ್ಣಗಿರಲಿ. ಡೈನಮೋಗೆ ಪ್ಲಾಸ್ಟಿಕ್ ಕವರ್ ಕಟ್ಟಿ. ಬ್ರಷ್ಷು ಮತ್ತು ಸ್ವಲ್ಪ ಸೀಮೆಎಣ್ಣೆ ಅಥವಾ ಡೀಸೆಲ್ ಸಾಕು. ಜಿಡ್ಡೆಲ್ಲಾ ಕೆರೆದು ಬಟ್ಟೆಯಲ್ಲಿ ಒರೆಸಿ. ಪ್ರೆಷರ್ ವಾಟರ್ ಹೊಡೆಯಬೇಡಿ, ಬೆಲ್ಟುಗಳ ಮೇಲೆ ಸೀಮೆಎಣ್ಣೆ ಬೀಳದಂತೆ ನೋಡಿಕೊಳ್ಳಿ. ಚೆನ್ನಾಗಿ ಒಣಗಿದ ಮೇಲೆ, ಎಂಜಿನ್ ಆಫ್ ಇರುವಾಗಲೇ, ಅನುಮಾನ ಇರುವ ಜಾಗಕ್ಕೆಲ್ಲಾ ಮುಖಕ್ಕೆ ಹಾಕುವ ಪೌಡರನ್ನು ತೆಳ್ಳಗೆ ಉದುರಿಸಿ. ಆಮೇಲೆ ಸ್ಟಾರ್ಟ್ ಮಾಡಿ ಬಿಸಿ ಆಗುವವರೆಗೆ ಬಿಡಿ, ಒಂದು ಸಣ್ಣ ಸುತ್ತು ಹೋಗಿ ಬನ್ನಿ. ಆಫ್ ಮಾಡಿ, ಟಾರ್ಚ್ ಹಿಡಿದು ಮೇಲಿಂದ ಕೆಳಗೆ ನೋಡಿ. ಬಿಳಿ ಪೌಡರಿನಲ್ಲಿ ಆಯಿಲ್ ಗೆರೆ ಎಲ್ಲಿ ಶುರುವಾಗಿದೆಯೋ ಅದೇ ನಿಮ್ಮ ಲೀಕು. ಓಡುವ ಎಂಜಿನ್ನಿನ ಫ್ಯಾನ್ ಹತ್ತಿರ ಕೈ, ಟವಲ್ಲು, ಪಂಚೆ ಏನೂ ಹೋಗಬಾರದು.

ಸಕಲೇಶಪುರ_ಕ್ವಾಲಿಸ್
ಮೇಸ್ತ್ರಿಗಳೇ ತುಂಬಾ ಉಪಕಾರ. ಒಂದು ಪ್ರಶ್ನೆ. ಕ್ರ್ಯಾಂಕ್ ಸೀಲ್ ಹೌದೋ ಅಲ್ಲವೋ ಅಂತ ಪೂರ್ತಿ ಬಿಚ್ಚದೆ ತಿಳಿಯಲು ದಾರಿ ಇದೆಯಾ?

ಹುಬ್ಬಳ್ಳಿ_ಡೀಸೆಲ್_ಮೇಸ್ತ್ರಿ
ಇದೆ. ಕ್ಯಾಮ್ ಸೀಲು, ಕ್ರ್ಯಾಂಕ್ ಸೀಲು ಎರಡೂ ಟೈಮಿಂಗ್ ಕವರಿನ ಒಳಗಿವೆ. ಅವು ಹೋಗಿದ್ದರೆ ಆಯಿಲ್ ಮೊದಲು ಕವರಿನ ಒಳಗೆ ಬಂದು, ಬೆಲ್ಟಿಗೆ ತಾಗಿ, ಆಮೇಲೆ ಕವರಿನ ಬುಡದಿಂದ ಹೊರಗೆ ಬರಬೇಕು. ಹಾಗಾಗಿ ಟೈಮಿಂಗ್ ಕವರ್ ತೆಗೆದರೆ ಸಾಕು. ಅದನ್ನು ಬಿಚ್ಚಿ ಟಾರ್ಚ್ ಬಿಟ್ಟು ನೋಡಿ. ಬೆಲ್ಟಿನ ಹಲ್ಲು, ಒಳಗಿನ ಗೋಡೆ ಒಣಗಿದ್ದು ಬರೀ ಕಪ್ಪು ಧೂಳಿದ್ದರೆ ಸೀಲಿನ ಮೇಲೆ ಅನುಮಾನ ಕಡಿಮೆ. ಬೆಲ್ಟ್ ಹೊಳೆಯುತ್ತಿದ್ದರೆ, ಒಳಗೆ ಆಯಿಲ್ ಸಿಡಿದಿದ್ದರೆ, ಆಗ ಬಿಚ್ಚಲೇಬೇಕು. ಡೀಸೆಲ್ ವಾಸನೆ ಬಂದು ತೆಳ್ಳಗಿದ್ದರೆ ಅದು ಡೀಸೆಲ್ ಪಂಪಿನ ಶಾಫ್ಟ್ ಸೀಲು, ಆ ಪಂಪೂ ಇದೇ ಬೆಲ್ಟಿನಲ್ಲಿ ತಿರುಗುವುದು. ಕೆಂಪು ಬಣ್ಣದ ಆಯಿಲ್ ಆದರೆ ಪವರ್ ಸ್ಟೇರಿಂಗಿನದು, ಅದಕ್ಕೂ ಎಂಜಿನ್ನಿಗೂ ಸಂಬಂಧವೇ ಇಲ್ಲ. ಒಂದು ಬಿಳಿ ಟಿಶ್ಯೂನಲ್ಲಿ ಹನಿ ಹಿಡಿದು ನೋಡಿ, ಬಣ್ಣ, ವಾಸನೆ ಎರಡೂ ಗೊತ್ತಾಗುತ್ತದೆ.

ಕರಾವಳಿ_ಟೂರ್ಸ್
ಅಷ್ಟೆಲ್ಲಾ ಯಾಕೆ ಅಣ್ಣ. ಅಂಗಡಿಯಲ್ಲಿ ಸ್ಟಾಪ್ ಲೀಕ್ ಅಂತ ಬಾಟಲಿ ಸಿಗುತ್ತದೆ. ಎಂಜಿನ್ ಆಯಿಲ್ ಜೊತೆ ಹಾಕಿದರೆ ಸೀಲ್ ಉಬ್ಬಿ ಲೀಕ್ ನಿಲ್ಲುತ್ತದೆ. ಇಲ್ಲದಿದ್ದರೆ ಹೊರಗಿಂದ ಅನಾಬಾಂಡ್ (ಸಿಲಿಕೋನ್ ಅಂಟು) ಬಳಿದುಬಿಡಿ.

ಯಂತ್ರ_ವಿಜಯಪುರ
ಟೂರ್ಸ್ ಸಾರ್, ಎರಡೂ ಬೇಡ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಸ್ಟಾಪ್ ಲೀಕಿನಲ್ಲಿರುವ ರಾಸಾಯನಿಕ ರಬ್ಬರನ್ನು ಮೆತ್ತಗೆ ಮಾಡಿ ಊದಿಸುತ್ತದೆ. ಗಡುಸಾದ ಸೀಲು ಕೆಲವು ದಿನ ಹಿಡಿಯಬಹುದು. ಆದರೆ ಅದು ಲೀಕ್ ಆಗದ ಸೀಲುಗಳಿಗೂ ತಾಗುತ್ತದೆ, ಒಳ್ಳೆಯ ರಬ್ಬರನ್ನೂ ಕೆಡಿಸಬಹುದು. ಸಡಿಲ ಕ್ಲಿಪ್ಪಿಗಂತೂ ಅದು ಏನೂ ಮಾಡುವುದಿಲ್ಲ. ಇನ್ನು ಆಯಿಲ್ ಇರುವ ಮೇಲ್ಮೈಗೆ ಸಿಲಿಕೋನ್ ಹಿಡಿಯುವುದೇ ಇಲ್ಲ, ಒಳಗಿಂದ ಪ್ರೆಷರ್ ಬಂದರೆ ಸಿಪ್ಪೆ ಎದ್ದುಬಿಡುತ್ತದೆ. ಮುಂದೆ ಯಾರಾದರೂ ಬಿಚ್ಚುವವರಿಗೆ ಅದನ್ನೆಲ್ಲಾ ಕೆರೆಯುವ ಕೆಲಸ ಬೇರೆ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಸೀಲ್ ತಾನಾಗಿಯೇ ಹೋಯಿತಾ, ಇಲ್ಲಾ ಒಳಗಿನ ಪ್ರೆಷರ್ ಅದನ್ನು ತಳ್ಳಿತಾ ಅಂತ ಕೇಳಿಕೊಳ್ಳಬೇಕು. ಯಾವ ಎಂಜಿನ್ನಿನಲ್ಲೂ ಪಿಸ್ಟನ್ ರಿಂಗಿನ ಸಂದಿಯಿಂದ ಸ್ವಲ್ಪ ಗಾಳಿ ಕೆಳಗೆ ಚೇಂಬರಿಗೆ ಇಳಿಯುತ್ತದೆ. ಅದು ಟ್ಯಾಪೆಟ್ ಕವರಿನ ಮೇಲಿರುವ ಬ್ರೀದರ್ ಪೈಪಿನಿಂದ ಹೊರಗೆ ಹೋಗಬೇಕು. ಆ ಪೈಪು ಜಿಡ್ಡು ಕಟ್ಟಿ ಮುಚ್ಚಿದರೆ ಗಾಳಿಗೆ ದಾರಿಯಿಲ್ಲ, ಒಳಗೆ ಒತ್ತಡ ಏರುತ್ತದೆ. ಆಗ ಎಲ್ಲಿ ಬಲ ಕಡಿಮೆಯೋ ಅಲ್ಲಿಂದ ಆಯಿಲ್ ಹೊರಗೆ ಬರುತ್ತದೆ. ಹೊಸ ಸೀಲು ಹಾಕಿದ ಕೆಲವೇ ದಿನಕ್ಕೆ ಮತ್ತೆ ಲೀಕು ಅನ್ನುವ ಕಥೆಗಳಲ್ಲಿ ಬಹಳಷ್ಟು ಇದೇ ಇರುತ್ತದೆ.

ನೋಡುವುದು ಸುಲಭ. ಎಂಜಿನ್ ಐಡ್ಲಿಂಗಿನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ, ತೆಗೆಯದೆ ಅಲ್ಲೇ ಸುಮ್ನೆ ಇಡಿ. ಹಳೆ ಡೀಸೆಲ್ ಎಂಜಿನ್ನಿನಲ್ಲಿ ಸ್ವಲ್ಪ ಅಲುಗಾಡುವುದು ಸಹಜ. ಮುಚ್ಚಳ ಎಗರಿ ಬೀಳುವ ಹಾಗೆ ತಳ್ಳಿದರೆ, ಗೇಜ್ ಕಡ್ಡಿಯ ಬಾಯಿಂದಲೂ ಹೊಗೆ ಬರುತ್ತಿದ್ದರೆ, ಮೊದಲು ಬ್ರೀದರ್ ತೆಗೆದು ತೊಳೆಯಿರಿ. ತೊಳೆದ ಮೇಲೂ ಹಾಗೇ ಇದ್ದರೆ ಅದು ಬ್ಯಾಕ್ ಕಂಪ್ರೆಷನ್, ಅಂದರೆ ರಿಂಗ್ ಸವೆದು ಗಾಳಿ ಜಾಸ್ತಿ ಕೆಳಗೆ ಇಳಿಯುತ್ತಿದೆ, ರಿಂಗಿನ ಕೆಲಸ. ಆಗ ಸೀಲ್ ಹಾಕಿ ಪ್ರಯೋಜನವಿಲ್ಲ.

ಆಯಿಲ್ ಜಾಸ್ತಿ ಹಾಕಿಲ್ಲ ಅನ್ನುವುದನ್ನೂ ಖಾತ್ರಿ ಮಾಡಿಕೊಳ್ಳಿ. ಗೇಜಿನ ಎರಡು ಗುರುತಿನ ನಡುವೆ ಇರಬೇಕು. ಲೀಕ್ ಇದೆ ಅಂತ ಮುಂಚೆಯೇ ಒಂದು ಲೀಟರ್ ಮೇಲೆ ಹಾಕುವವರು ಲೀಕನ್ನು ಹೆಚ್ಚಿಸುತ್ತಾರೆ ಅಷ್ಟೇ.

ಕರಾವಳಿ_ಟೂರ್ಸ್
ನಮ್ಮ ಗಾಡಿಗಳಲ್ಲಿ ಬಾಟಲಿ ಹಾಕಿ ಓಡಿಸುತ್ತಿದ್ದೇವೆ, ಇವತ್ತಿನವರೆಗೆ ತೊಂದರೆ ಬಂದಿಲ್ಲ. ಆದರೂ ಬ್ರೀದರ್ ಮಾತು ಸರಿ ಇದೆ, ಅದನ್ನು ಒಪ್ಪುತ್ತೇನೆ.

ಸಕಲೇಶಪುರ_ಕ್ವಾಲಿಸ್
ಭಾನುವಾರ ತಮ್ಮನ ಜೊತೆ ಕೂತು ಎಲ್ಲಾ ತೊಳೆದೆವು. ಕೆರೆದಷ್ಟೂ ಜಿಡ್ಡು ಬಂತು. ಆಮೇಲೆ ಪೌಡರ್ ಹಾಕಿ, ಬಿಸಿ ಮಾಡಿ, ಹಾನುಬಾಳು ಕಡೆ ಹೋಗಿ ಬಂದು ನೋಡಿದರೆ ಕ್ರ್ಯಾಂಕ್ ಪುಲ್ಲಿ ಹತ್ತಿರ ಪೌಡರ್ ಹಾಗೇ ಬೆಳ್ಳಗಿತ್ತು. ಟೈಮಿಂಗ್ ಕವರ್ ಬಿಚ್ಚಿ ನೋಡಿದೆವು, ಬೆಲ್ಟು ಒಣಗಿದೆ, ಬೆರಳು ಹಚ್ಚಿದರೆ ಬರೀ ಧೂಳು.

ಡೈನಮೋ ಹಿಂದೆ ಮಾತ್ರ ಬೇರೆಯೇ ಕಥೆ. ವಾಪಸ್ ಬರುವ ದಪ್ಪ ರಬ್ಬರ್ ಪೈಪಿನ ಕೆಳಗಿನ ಕ್ಲಿಪ್ಪಿನಿಂದ ಕಪ್ಪು ಗೆರೆ ಶುರುವಾಗಿ, ಬ್ರಾಕೆಟ್ ಹಿಡಿದು, ಬ್ಲಾಕಿನ ಪಕ್ಕ ಇಳಿದು, ಚೇಂಬರ್ ಅಂಚಿನಲ್ಲಿ ಮುಂದಕ್ಕೆ ಬಂದು ಅಲ್ಲಿ ಹನಿಯಾಗಿ ಬೀಳುತ್ತಿತ್ತು. ಪೈಪನ್ನು ಎರಡು ಬೆರಳಲ್ಲಿ ಹಿಸುಕಿದರೆ ಹಿಸುಕಲು ಆಗುವುದೇ ಇಲ್ಲ, ತುದಿಯಲ್ಲಿ ಉದ್ದಕ್ಕೆ ಸೀಳು ಬಿಟ್ಟಿದೆ. ಬ್ರೀದರ್ ಪೈಪನ್ನೂ ತೆಗೆದೆ. ಒಳಗೆ ಕಪ್ಪು ಗಸಿ ತುಂಬಿ ಒಂದು ಸಣ್ಣ ತೂತಿನಷ್ಟು ಮಾತ್ರ ದಾರಿ ಉಳಿದಿತ್ತು. ಫೋಟೊ ಹಾಕಿದ್ದೇನೆ ನೋಡಿ.

ಪೈಪಿಗೆ ಯಾವುದು ಹಾಕಲಿ? ಇಲ್ಲಿನ ಅಂಗಡಿಯಲ್ಲಿ ರೇಡಿಯೇಟರ್ ಹೋಸ್ ಕತ್ತರಿಸಿ ಕೊಡುತ್ತೇನೆ ಅಂದರು.

ಹುಬ್ಬಳ್ಳಿ_ಡೀಸೆಲ್_ಮೇಸ್ತ್ರಿ
ಫೋಟೊ ನೋಡಿದೆ, ಸರಿಯಾಗಿ ಹಿಡಿದಿದ್ದೀರಿ. ರೇಡಿಯೇಟರ್ ಹೋಸ್ ಬೇಡವೇ ಬೇಡ. ಅದು ನೀರಿಗೆ ಮಾಡಿದ ರಬ್ಬರ್, ಬಿಸಿ ಆಯಿಲ್ ತಾಗಿದರೆ ಮೆತ್ತಗಾಗಿ ಊದಿಕೊಂಡು ಕಳಚುತ್ತದೆ. ಆಯಿಲ್ ಹೋಸ್ ಅಂತಲೇ ಕೇಳಿ, ಕಂಪನಿ ಪಾರ್ಟ್ ಸಿಕ್ಕರೆ ಇನ್ನೂ ಒಳ್ಳೆಯದು. ಹಳೆ ಪೈಪನ್ನು ಜೊತೆಗೆ ಒಯ್ಯಿರಿ, ಒಳಗಿನ ಅಳತೆ, ಉದ್ದ, ಬಾಗು ಸರಿಹೋಗಬೇಕು. ಎರಡೂ ಕ್ಲಿಪ್ ಹೊಸದು ಹಾಕಿ. ಪೈಪು ಕೂರುವ ಕಬ್ಬಿಣದ ಮೂತಿಯನ್ನು ಎಮ್ರಿ ಪೇಪರಿನಲ್ಲಿ ಉಜ್ಜಿ ನುಣ್ಣಗೆ ಮಾಡಿ, ಆದರೆ ಪುಡಿ ಒಳಗೆ ಬೀಳದಂತೆ ಬಟ್ಟೆ ತುರುಕಿ, ಆಮೇಲೆ ಬಟ್ಟೆ ತೆಗೆಯುವುದು ಮರೀಬ್ಯಾಡ್ರಿ.

ಕೈ ಹಾಕಿದ್ದೇ ಹಾಕಿದ್ದು, ಒಳಗೆ ಹೋಗುವ ಸಣ್ಣ ಪೈಪಿನ ಬ್ಯಾಂಜೊ ಬೋಲ್ಟ್ (ಒಳಗಿನ ತೂತಿನಲ್ಲಿ ಆಯಿಲ್ ಹಾಯುವ ಬೋಲ್ಟು) ವಾಷರ್‌ಗಳನ್ನೂ ಬದಲಾಯಿಸಿ. ತಾಮ್ರದ ವಾಷರ್ ಒಂದು ಸಲ ಬಿಗಿದರೆ ಚಪ್ಪಟೆಯಾಗಿ ಗಡುಸಾಗುತ್ತದೆ, ಎರಡನೇ ಸಲ ಹಿಡಿಯುವುದಿಲ್ಲ. ಆ ಪೈಪಿನಲ್ಲಿ ಪ್ರೆಷರ್ ಇದೆ, ಅದು ದಾರಿಯಲ್ಲಿ ಒಡೆದರೆ ಎಂಜಿನ್ ಆಯಿಲ್ ಬೇಗ ಖಾಲಿಯಾಗುತ್ತದೆ. ಹಾಕಿದ ಮೇಲೆ ಸ್ಟಾರ್ಟ್ ಮಾಡಿ ಬ್ರೇಕ್ ಒತ್ತಿ ನೋಡಿ. ಪೆಡಲ್ ಕಲ್ಲಿನ ಹಾಗೆ ಗಟ್ಟಿ ಇದ್ದರೆ ವ್ಯಾಕ್ಯೂಮ್ ಬರುತ್ತಿಲ್ಲ, ಗಾಡಿ ಹೊರಗೆ ತೆಗೆಯಬೇಡಿ. ನಿಮ್ಮದು ಘಾಟಿ ರಸ್ತೆ.

ಮಸ್ಕತ್_ಕನ್ನಡಿಗ
ನಾನು ಮಸ್ಕತ್‌ನಲ್ಲಿದ್ದೇನೆ, ಊರು ಕುಂದಾಪುರ. ಇಲ್ಲಿ ಇದೇ ಎಲ್ ಕುಟುಂಬದ ಎಂಜಿನ್ ಇರುವ ಹಳೆ ಹೈಲಕ್ಸ್ ಇದೆ. ನನ್ನದರಲ್ಲಿ ನಿಜಕ್ಕೂ ಕ್ರ್ಯಾಂಕ್ ಸೀಲೇ ಹೋಗಿತ್ತು, ಕವರ್ ಒಳಗೆ ಬೆಲ್ಟ್ ಪೂರ್ತಿ ತೊಯ್ದಿತ್ತು. ಆಯಿಲ್ಲಿಗೆ ಹಸಿರಾಗಿ ಹೊಳೆಯುವ ಡೈ ಹಾಕಿ ಯುವಿ ಟಾರ್ಚಿನಲ್ಲಿ ನೋಡಿದಾಗ ಅನುಮಾನವೇ ಉಳಿಯಲಿಲ್ಲ. ಇಲ್ಲಿನ ಒಂದು ವರ್ಕ್‌ಶಾಪಿನಲ್ಲಿ ಸೀಲು, ಬೆಲ್ಟು ಹಾಕಿಸಿದೆ. ಈಗ ಮತ್ತೆ ಕವರಿನ ಬುಡ ಒದ್ದೆ ಆಗಿದೆ. ಬ್ರೀದರ್ ಚೊಕ್ಕ ಇದೆ, ಮುಚ್ಚಳ ಇಟ್ಟು ನೋಡಿದೆ, ತಳ್ಳುವುದಿಲ್ಲ. ಒರಿಜಿನಲ್ ಸೀಲು. ಮತ್ತೆ ಯಾಕೆ?

ಹುಬ್ಬಳ್ಳಿ_ಡೀಸೆಲ್_ಮೇಸ್ತ್ರಿ
ಮಸ್ಕತ್ ಅಣ್ಣ, ಶಾಫ್ಟ್ ನೋಡಿದ್ದರೋ ಕೇಳಿ. ಸೀಲಿನ ತುಟಿ ಶಾಫ್ಟಿನ ಮೇಲೆ ಒಂದೇ ಜಾಗದಲ್ಲಿ ವರ್ಷಗಟ್ಟಲೆ ಉಜ್ಜುತ್ತದೆ. ರಬ್ಬರ್ ಅಲ್ವಾ ಅಂದುಕೊಳ್ಳುತ್ತೇವೆ, ಆದರೆ ಧೂಳು ಸೇರಿದ ಆಯಿಲ್ ಜೊತೆ ಅದು ಕಬ್ಬಿಣವನ್ನೂ ಸವೆಸುತ್ತದೆ. ಶಾಫ್ಟಿನ ಸುತ್ತ ತೆಳ್ಳಗೆ ಒಂದು ತೋಡು ಬೀಳುತ್ತದೆ. ಕಣ್ಣಿಗೆ ಬರೀ ಹೊಳೆಯುವ ಗೆರೆ. ಉಗುರನ್ನು ಅಡ್ಡಕ್ಕೆ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಹೊಸ ಸೀಲಿನ ತುಟಿ ಅದೇ ತೋಡಿನಲ್ಲಿ ಕೂತು ಹಿಡಿತ ಕಳೆದುಕೊಳ್ಳುತ್ತದೆ. ಎಷ್ಟು ಒರಿಜಿನಲ್ ಆದರೂ ನಿಲ್ಲುವುದಿಲ್ಲ.

ಅದಕ್ಕೆ ಎರಡು ದಾರಿ. ಜಾಗ ಇದ್ದರೆ ಸೀಲನ್ನು ಒಂದು ಒಂದೂವರೆ ಮಿಲಿಮೀಟರ್ ಹಿಂದೆಯೋ ಮುಂದೆಯೋ ಕೂರಿಸುವುದು, ತುಟಿ ಹೊಸ ಜಾಗಕ್ಕೆ ತಾಗುತ್ತದೆ. ತೋಡು ಆಳ ಇದ್ದರೆ ಶಾಫ್ಟಿನ ಮೇಲೆ ತೆಳ್ಳನೆಯ ಸ್ಟೀಲ್ ಸ್ಲೀವ್ ಹತ್ತಿಸುವುದು. ಸ್ಲೀವ್ ಬಹಳ ತೆಳ್ಳಗಿರುತ್ತದೆ, ಅದೇ ಅಳತೆಯ ಸೀಲೇ ಸಾಕಾಗುತ್ತದೆ. ತೋಡನ್ನು ಎಮ್ರಿಯಲ್ಲಿ ತಿಕ್ಕಿ ತೆಗೆಯಲು ಹೋಗಬೇಡಿ, ಶಾಫ್ಟಿನ ಅಳತೆಯೇ ಕಡಿಮೆಯಾಗುತ್ತದೆ.

ಕೂರಿಸುವಾಗಲೂ ಬಹಳ ಕೆಲಸ ಕೆಡುತ್ತದೆ. ನಾನು ನೋಡಿದ ಎಷ್ಟೋ ಗಾಡಿಗಳಲ್ಲಿ ಹಳೆ ಸೀಲನ್ನು ಸ್ಕ್ರೂ ಡ್ರೈವರ್ ಹಾಕಿ ಎಬ್ಬಿಸುವಾಗ ಶಾಫ್ಟಿಗೇ ಗೀರು ಬಿದ್ದಿತ್ತು. ಆ ಒಂದು ಗೀರು ಸಾಕು. ಸ್ಕ್ರೂ ಡ್ರೈವರ್ ತುದಿಗೆ ಟೇಪ್ ಸುತ್ತಿ ನಿಧಾನಕ್ಕೆ ಎಬ್ಬಿಸಬೇಕು. ಹೊಸ ಸೀಲಿನ ತುಟಿಗೆ ಒಳಗಡೆ ಸ್ವಲ್ಪ ಗ್ರೀಸ್ ಹಚ್ಚಿದರೆ ಒಳಗಿನ ಸಣ್ಣ ಸ್ಪ್ರಿಂಗ್ ಹಾರುವುದಿಲ್ಲ, ಮೊದಲ ಸುತ್ತಿನಲ್ಲಿ ತುಟಿ ಒಣಗಿ ಸುಡುವುದೂ ಇಲ್ಲ. ಸುತ್ತಿಗೆಯಿಂದ ಒಂದು ಕಡೆ, ಇನ್ನೊಂದು ಕಡೆ ಅಂತ ಬಡಿಯಬಾರದು, ಸೀಲ್ ಓರೆಯಾಗುತ್ತದೆ. ಸೀಲಿನ ಹೊರ ಅಂಚಿನ ಅಳತೆಯ ಪೈಪ್ ತುಂಡು ಇಟ್ಟು ಸಮನಾಗಿ ತಳ್ಳಬೇಕು.

ಯಂತ್ರ_ವಿಜಯಪುರ
ಮೇಸ್ತ್ರಿ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಗ್ರೀಸ್, ಆಯಿಲ್ ಹಚ್ಚುವುದು ಸ್ಪ್ರಿಂಗ್ ಇರುವ ಮಾಮೂಲಿ ರಬ್ಬರ್ ತುಟಿಯ ಸೀಲಿಗೆ. ಹೊಸ ಎಂಜಿನ್ನುಗಳಲ್ಲಿ ಟೆಫ್ಲಾನ್ ತುಟಿಯ ಸೀಲು ಬರುತ್ತದೆ, ಸ್ಪ್ರಿಂಗ್ ಇರುವುದಿಲ್ಲ, ಅದನ್ನು ಒಣಗಿದ ಹಾಗೇ ಹಾಕಬೇಕು. ಅದಕ್ಕೆ ಆಯಿಲ್ ಹಚ್ಚಿದರೆ ತುಟಿ ಶಾಫ್ಟಿಗೆ ಸರಿಯಾಗಿ ಹೊಂದಿಕೊಳ್ಳುವುದಿಲ್ಲ. ಪ್ಯಾಕೆಟ್ ಮೇಲೆ ಬರೆದಿರುತ್ತದೆ, ಓದಿ. ಮಸ್ಕತ್‌ನ ಬಿಸಿಲಿಗೆ ವೈಟಾನ್ ಸೀಲ್ ಸಿಕ್ಕರೆ ಹಾಕಿಸಿ, ಮಾಮೂಲಿ ನೈಟ್ರೈಲ್ ರಬ್ಬರಿಗಿಂತ ಅದು ಬಹಳ ಜಾಸ್ತಿ ಶಾಖ ತಡೆಯುತ್ತದೆ.

ಬೆಲ್ಟ್ ಆಯಿಲ್‌ನಲ್ಲಿ ತೊಯ್ದಿದ್ದರೆ ಒರೆಸಿ ಮತ್ತೆ ಹಾಕಬೇಡಿ. ಆಯಿಲ್ ರಬ್ಬರಿನ ಒಳಗೆ ಇಳಿದಿರುತ್ತದೆ, ಹಲ್ಲು ಬಿಟ್ಟುಕೊಳ್ಳುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಬೆಲ್ಟ್ ಹಾರಿದರೆ ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ, ಒಂದು ಸೀಲಿನ ಕೆಲಸ ಹೆಡ್ ಕೆಲಸ ಆಗುತ್ತದೆ. ಹೊಸ ಬೆಲ್ಟ್ ಹಾಕಿದ ಮೇಲೆ ಸೆಲ್ಫ್ ಹೊಡೆಯುವ ಮುಂಚೆ ಪಾನಾ ಹಾಕಿ ಕೈಯಿಂದಲೇ ಕ್ರ್ಯಾಂಕನ್ನು ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಒಂದಕ್ಕೊಂದು ಬಂದವಾ ನೋಡಬೇಕು. ಕ್ರ್ಯಾಂಕ್ ಎರಡು ಸುತ್ತಿಗೆ ಕ್ಯಾಮ್ ಒಂದು ಸುತ್ತು, ಅದಕ್ಕೇ ಎರಡು.

ಮಸ್ಕತ್_ಕನ್ನಡಿಗ
ವರ್ಕ್‌ಶಾಪಿನವರನ್ನು ಕೇಳಿದೆ. ಶಾಫ್ಟ್ ನೋಡಲಿಲ್ಲ, ಸೀಲ್ ಮಾತ್ರ ಬದಲಿಸಿದೆವು ಅಂದರು. ಈ ಸಲ ನಾನೇ ಪಕ್ಕದಲ್ಲಿ ನಿಂತು ಉಗುರು ಹಾಕಿ ನೋಡುತ್ತೇನೆ. ಆಯಿಲ್ ಪಂಪಿನ ಬಾಡಿಯನ್ನೂ ತೆಗೆದು ಸಿಲಿಕೋನ್ ಹಾಕಬೇಕು ಅನ್ನುತ್ತಿದ್ದಾರೆ. ಬೇಕಾ?

ಹುಬ್ಬಳ್ಳಿ_ಡೀಸೆಲ್_ಮೇಸ್ತ್ರಿ
ಪಂಪಿನ ಅಂಚಿನಲ್ಲಿ ಒದ್ದೆ ಇದ್ದರೆ ಬೇಕು, ಇಲ್ಲದಿದ್ದರೆ ಮುಟ್ಟಬಾರದು. ತೆಗೆದರೆ ಮ್ಯಾನುಯಲ್‌ನಲ್ಲಿ ಹೇಳಿದ ಪ್ಯಾಕಿಂಗೇ ಹಾಕಿ. ಸಿಲಿಕೋನ್ ಹೇಳಿದ ಕಡೆ ಮಾತ್ರ, ಅದೂ ತೆಳ್ಳಗೆ ಒಂದೇ ಗೆರೆ. ನಮ್ಮಲ್ಲಿ ಅರ್ಧ ಟ್ಯೂಬ್ ಹಿಂಡುತ್ತಾರೆ. ಹೊರಗೆ ಕಾಣುವಷ್ಟೇ ಒಳಗೂ ಉಕ್ಕಿರುತ್ತದೆ, ಅದು ಕಿತ್ತು ಚೇಂಬರಿಗೆ ಬಿದ್ದು ಆಯಿಲ್ ಎಳೆಯುವ ಜಾಲರಿಗೆ ಅಂಟಿಕೊಂಡರೆ ಎಂಜಿನ್ನಿಗೆ ಆಯಿಲ್ ಸಿಗುವುದಿಲ್ಲ. ಬೇರಿಂಗ್ ಹೋಗಿ ಚೇಂಬರ್ ಬಿಚ್ಚಿದಾಗ ಜಾಲರಿ ತುಂಬಾ ಸಿಲಿಕೋನ್ ಚೂರು ಇದ್ದದ್ದನ್ನು ನಾನೇ ಕೈಯಿಂದ ತೆಗೆದಿದ್ದೇನೆ. ಎರಡೂ ಮುಖ ಆಯಿಲ್ ಪಸೆ ಇಲ್ಲದಂತೆ ಒರೆಸಿ, ಕೂರಿಸಿದ ಮೇಲೆ ಟ್ಯೂಬಿನಲ್ಲಿ ಬರೆದಷ್ಟು ಹೊತ್ತು ಒಣಗಲು ಬಿಟ್ಟು ಆಮೇಲೆ ಆಯಿಲ್ ಹಾಕಿ. ಆ ಹೊತ್ತು ಕೊಡದೇ ಸಂಜೆಗೇ ಗಾಡಿ ಬೇಕು ಅಂತ ಗಿರಾಕಿಗಳು ಕೂರುತ್ತಾರೆ, ಅದೂ ಒಂದು ಕಾರಣ.

ಸಕಲೇಶಪುರ_ಕ್ವಾಲಿಸ್
ನಮ್ಮ ಗಾಡಿ ಕೆಲಸ ಮುಗಿಯಿತು. ಹಾಸನದಲ್ಲಿ ಆಯಿಲ್ ಹೋಸ್ ಸಿಕ್ಕಿತು, ಕ್ಲಿಪ್, ವಾಷರ್ ಎಲ್ಲಾ ಸೇರಿ ಕೆಲವು ನೂರು ರೂಪಾಯಿ. ಬ್ರೀದರ್ ಸೀಮೆಎಣ್ಣೆಯಲ್ಲಿ ನೆನೆಸಿ ತೊಳೆದು ಗಾಳಿ ಹೊಡೆದು ಒಣಗಿಸಿ ಹಾಕಿದೆವು. ಬ್ರೇಕ್ ಚೆನ್ನಾಗಿದೆ. ಬಿಸಿಲೆ ಘಾಟಿ ಹತ್ತಿ ಇಳಿದು ಬಂದೆವು, ಚೇಂಬರ್ ಅಂಚು ಒಣಗಿದೆ. ಟ್ಯಾಪೆಟ್ ಕವರಿನ ಮುಂದೆ ಮಾತ್ರ ಸಣ್ಣ ಪಸೆ ಇದೆ, ಬೀಳುವಷ್ಟಿಲ್ಲ.

ಹುಬ್ಬಳ್ಳಿ_ಡೀಸೆಲ್_ಮೇಸ್ತ್ರಿ
ಅದಕ್ಕೆ ಈಗ ಅವಸರವಿಲ್ಲ. ಮುಂದಿನ ಸಲ ಟ್ಯಾಪೆಟ್ ಸೆಟ್ಟಿಂಗ್ ಮಾಡಿಸುವಾಗ ಪ್ಯಾಕಿಂಗ್ ಬದಲಿಸಿ. ಕವರ್ ನಟ್ಟುಗಳನ್ನು ಇನ್ನೂ ಬಿಗಿದರೆ ನಿಲ್ಲುತ್ತದೆ ಅಂತ ಬಿಗಿಯಬೇಡಿ, ಕವರ್ ಸೊಟ್ಟಗಾಗಿ ಜಾಸ್ತಿಯಾಗುತ್ತದೆ. ತೆಗೆದ ಹಳೆ ಆಯಿಲ್ಲನ್ನು ತೋಟಕ್ಕೋ ಹಳ್ಳಕ್ಕೋ ಸುರಿಯದೆ ಡಬ್ಬದಲ್ಲಿಟ್ಟು, ಹಳೆ ಆಯಿಲ್ ಕೊಳ್ಳುವವರಿಗೆ ಕೊಡಿ.

ದಾವಣಗೆರೆ_ಸ್ವಿಫ್ಟ್
ಇದನ್ನೆಲ್ಲಾ ಓದಿದೆ, ಬಹಳ ಉಪಯೋಗ ಆಯಿತು. ನನ್ನದು ಸ್ವಿಫ್ಟ್ ಡೀಸೆಲ್, 1.3. ಇದರಲ್ಲಿ ಬೆಲ್ಟ್ ಇಲ್ಲ, ಚೈನು. ಎಂಜಿನ್ ಅಡ್ಡಕ್ಕಿದೆ. ಡ್ರೈವರ್ ಕಡೆ ಚಕ್ರದ ಹಿಂದೆ ಆಯಿಲ್ ಕಾಣುತ್ತಿದೆ. ಇದಕ್ಕೂ ಇದೇ ದಾರಿಯಾ?

ಹುಬ್ಬಳ್ಳಿ_ಡೀಸೆಲ್_ಮೇಸ್ತ್ರಿ
ಹುಡುಕುವ ದಾರಿ ಅದೇ. ತೊಳೆಯುವುದು, ಒಣಗಿಸುವುದು, ಮೇಲಿಂದ ನೋಡುವುದು. ಆದರೆ ನಿಮ್ಮ ಎಂಜಿನ್ನಿಗೆ ಮುಂದುಗಡೆ ಅಂದರೆ ಆ ಚಕ್ರದ ಕಡೆಯೇ. ಚೈನ್ ಇರುವುದರಿಂದ ಕವರಿನ ಒಳಗೆ ಆಯಿಲ್ ಇರುವುದು ಸಹಜ, ಕವರ್ ಬಿಚ್ಚಿ ಒಳಗೆ ಒದ್ದೆ ಇದೆಯಾ ನೋಡುವ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ. ಕವರಿನ ಅಂಚಿನಿಂದ ಜಿನುಗಿದೆಯಾ, ಪುಲ್ಲಿ ಹಿಂದಿನ ಸೀಲಿನಿಂದ ಬಂದಿದೆಯಾ ಅಂತ ಹೊರಗಿಂದಲೇ ಬೇರೆ ಮಾಡಬೇಕು. ಸೀಲಿನಿಂದ ಬಂದರೆ ಪುಲ್ಲಿ ತಿರುಗುತ್ತಾ ಅದನ್ನು ಸುತ್ತಲೂ ಚಿಮ್ಮಿಸುತ್ತದೆ, ಚಕ್ರದ ಒಳಗಿನ ಪ್ಲಾಸ್ಟಿಕ್ಕಿನ ಮೇಲೆ ಪುಲ್ಲಿಯ ನೇರಕ್ಕೆ ಒಂದು ಪಟ್ಟಿಯಾಗಿ ಕಾಣುತ್ತದೆ. ಕವರಿನ ಅಂಚಿನದಾದರೆ ಅಂಚು ಹಿಡಿದು ಇಳಿದಿರುತ್ತದೆ, ಚಿಮ್ಮಿರುವುದಿಲ್ಲ.

ಗಾಡಿ ಜಾಕ್ ಮೇಲೆ ಮಾತ್ರ ನಿಲ್ಲಿಸಿ ಕೈ ಹಾಕಬೇಡಿ, ಸ್ಟ್ಯಾಂಡ್ ಕೊಡಿ. ಸೀಲು ಅಂತ ಖಾತ್ರಿಯಾದರೂ ಟೈಮಿಂಗ್ ಅಲುಗದಂತೆ ಹಿಡಿಯುವ ಲಾಕ್ ಟೂಲ್ ಇಲ್ಲದವರ ಹತ್ತಿರ ಆ ಎಂಜಿನ್ನಿನ ಕ್ರ್ಯಾಂಕ್ ಬೋಲ್ಟ್ ಮುಟ್ಟಿಸಬೇಡಿ.

ದಾವಣಗೆರೆ_ಸ್ವಿಫ್ಟ್
ಆಯ್ತು ಅಣ್ಣ. ಚಕ್ರ ಬಿಚ್ಚಿ ಒಳಗಿನ ಪ್ಲಾಸ್ಟಿಕ್ ತೊಳೆಯುವ ಮುಂಚೆ ಪಟ್ಟಿ ಇದೆಯಾ ನೋಡಿ, ಫೋಟೊ ತೆಗೆದು ಹಾಕುತ್ತೇನೆ.